ಕಾಲೇಜಿನ ಲೆಕ್ಕ ಯಾರ ಕೈಯಲ್ಲಿದೆ?

(ಪದವಿ ಕಾಲೇಜುಗಳ ಐಕ್ಯೂಎಸಿ, ಅಂದರೆ ಕಾಲೇಜಿನ ಒಳಗೇ ಗುಣಮಟ್ಟ ನೋಡಿಕೊಳ್ಳುವ ಘಟಕದ, ಸಂಯೋಜಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೂರು ವರ್ಷದ ಹಿಂದೆ ನಿಮ್ಮ ಕಾಲೇಜಿನಲ್ಲಿ ಬಿ.ಎ. ಮೊದಲ ಸೆಮಿಸ್ಟರಿಗೆ ಎಷ್ಟು ಮಕ್ಕಳು ಸೇರಿದ್ದರು? ಅವರಲ್ಲಿ ಎಷ್ಟು ಮಂದಿ ಆರನೇ ಸೆಮಿಸ್ಟರಿನ ಪರೀಕ್ಷೆ ಬರೆದರು? ನಡುವೆ ಬಿಟ್ಟು ಹೋದವರು ಯಾರು, ಯಾಕೆ ಬಿಟ್ಟರು?

ಇದಕ್ಕೆ ಉತ್ತರ ಬೇಕು ಅಂದರೆ ಯಾರ ಮೇಜಿನ ಹತ್ತಿರ ಹೋಗುತ್ತೀರಿ? ಅಡ್ಮಿಷನ್ ನೋಡಿಕೊಳ್ಳುವ ಎಸ್‌ಡಿಎ ಒಂದು ಸಂಖ್ಯೆ ಹೇಳುತ್ತಾರೆ. ಪರೀಕ್ಷಾ ವಿಭಾಗದಲ್ಲಿ ಇನ್ನೊಂದು ಸಿಗುತ್ತದೆ. ಪ್ರವೇಶ, ಪರೀಕ್ಷೆಗೆಲ್ಲ ಬಳಸುವ ರಾಜ್ಯದ ಪೋರ್ಟಲ್ ಯುಯುಸಿಎಂಎಸ್ ತೆರೆದರೆ ಮೂರನೆಯದು. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ, ಅಂದರೆ ನಾವೆಲ್ಲ ಬಾಯಲ್ಲಿ ಐಶೆ ಅನ್ನುತ್ತೇವಲ್ಲ ಅದಕ್ಕೆ, ಕಳುಹಿಸಿದ ಪ್ರತಿಯಲ್ಲಿ ನಾಲ್ಕನೆಯದು.

ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ನಾಲ್ಕೂ ಸರಿಯೇ ಇರಬಹುದು. ಅಡ್ಮಿಷನ್ ರಿಜಿಸ್ಟರಿನಲ್ಲಿ ಇರುವುದು ಶುಲ್ಕ ಕಟ್ಟಿ ಹೆಸರು ಹಚ್ಚಿಸಿದವರೆಲ್ಲರ ಲೆಕ್ಕ. ಆಮೇಲೆ ಕೆಇಎ ಸೀಟು ಸಿಕ್ಕಿ ಟಿಸಿ ತೆಗೆದುಕೊಂಡು ಹೋದವರಿದ್ದಾರೆ, ನರ್ಸಿಂಗಿಗೋ ಐಟಿಐಗೋ ಹೋದವರಿದ್ದಾರೆ, ಟಿಸಿಯನ್ನೂ ಕೇಳದೆ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರಿದ್ದಾರೆ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳಿದ್ದಾರೆ. ಪರೀಕ್ಷಾ ವಿಭಾಗಕ್ಕೆ ಗೊತ್ತಿರುವುದು ಪರೀಕ್ಷಾ ಶುಲ್ಕ ಕಟ್ಟಿದವರು ಮಾತ್ರ. ಹಾಜರಾತಿ ಕಡಿಮೆಯಾಗಿ ನಿಂತವರು ಆ ಲೆಕ್ಕದಲ್ಲಿ ಬರುವುದಿಲ್ಲ. ಒಬ್ಬೊಬ್ಬರು ಒಂದೊಂದು ದಿನ, ಒಂದೊಂದು ಕಾರಣಕ್ಕೆ ಎಣಿಸಿದ್ದಾರೆ. ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು, ಒಂದಕ್ಕೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸದಲ್ಲಿ ಇರುವ ಮಕ್ಕಳು ಯಾರು ಅಂತ ನೋಡುವ ಕೆಲಸ ಮಾತ್ರ ಯಾರ ಹೆಸರಿಗೂ ಹಚ್ಚಿಲ್ಲ.

ಈ ಕೆಲಸದ ಬಗ್ಗೆಯೇ ನಾನಿವತ್ತು ಮಾತಾಡಲು ಬಂದಿರುವುದು. ಕಾಲೇಜುಗಳು ತಮ್ಮ ದತ್ತಾಂಶದ ಕೆಲಸವನ್ನು ಯಾರಿಗೆ ವಹಿಸಿವೆ, ಎಲ್ಲಿ ಕೂರಿಸಿವೆ, ಅದಕ್ಕೆ ಎಷ್ಟು ಸಮಯ ಕೊಟ್ಟಿವೆ ಅಂತ ಒಂದು ಸಮೀಕ್ಷೆ ಮಾಡಬೇಕು ಅನ್ನುವುದು ನನ್ನ ಆಸೆ. ಸಾಫ್ಟ್‌ವೇರ್ ಯಾವುದಿದೆ ಅನ್ನುವುದು ನನಗೆ ಅಷ್ಟು ಮುಖ್ಯವಲ್ಲ. ಮನುಷ್ಯರ ಏರ್ಪಾಟು ಹೇಗಿದೆ ಅನ್ನುವುದು ಮುಖ್ಯ.

ಮೊದಲು ನಮ್ಮನ್ನು ಕೇಳುವವರ ಸಾಲು ನೋಡೋಣ. ಐಶೆ 2010-11ರಿಂದ ನಡೆಯುತ್ತಿದೆ. ಕಾಲೇಜಿಗೊಬ್ಬ ನೋಡಲ್ ಅಧಿಕಾರಿ ಇರಲೇಬೇಕು. ಕೋರ್ಸುವಾರು, ವರ್ಗವಾರು, ಲಿಂಗವಾರು ಎಲ್ಲ ತುಂಬಬೇಕು. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ 1994ರಲ್ಲಿ ಹುಟ್ಟಿದ್ದು, ಅದರ ಕಚೇರಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. 2017ರಲ್ಲಿ ಅದು ತನ್ನ ಪದ್ಧತಿ ಬದಲಿಸಿದ ಮೇಲೆ ಬಹುಪಾಲು ಅಂಕ ಸಂಖ್ಯೆಗಳ ಮೇಲೇ ನಿಂತಿತು. ಹೊರಗಿನ ಪರಿಣತರ ಪೀರ್ ಟೀಮ್ ಬಂದು ಕಣ್ಣಾರೆ ನೋಡುವುದಕ್ಕೆ ಉಳಿದದ್ದು ಚಿಕ್ಕ ಪಾಲು. ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ತನ್ನ ಮೊದಲ ಪಟ್ಟಿ ಕೊಟ್ಟಿದ್ದು 2016ರಲ್ಲಿ. ಇವರಲ್ಲದೆ ಇಲಾಖೆ ಕೇಳುತ್ತದೆ, ಸಂಯೋಜನೆ ನವೀಕರಣಕ್ಕೆ ವಿಶ್ವವಿದ್ಯಾಲಯದ ಸ್ಥಾನಿಕ ವಿಚಾರಣಾ ಸಮಿತಿ ಬಂದು ಕೇಳುತ್ತದೆ, ವಿದ್ಯಾರ್ಥಿವೇತನದ ಪೋರ್ಟಲ್ ಕೇಳುತ್ತದೆ. ನಮ್ಮ ರಾಜ್ಯದಲ್ಲಿ 2021-22ರಿಂದ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲಕ್ಕೂ ಯುಯುಸಿಎಂಎಸ್ ಬಂತು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಮಾಹಿತಿಯನ್ನು. ಆದರೆ ಒಬ್ಬರು ಕೇಳುವ ಕಾಲಂ ಇನ್ನೊಬ್ಬರ ಕಾಲಮಿಗೆ ಹೊಂದುವುದಿಲ್ಲ.

ಹೀಗಾಗಿ ನಮ್ಮ ಲೆಕ್ಕವೆಲ್ಲ ಮೇಲಕ್ಕೇ ಹೋಗುತ್ತದೆ. ಅಪ್‌ಲೋಡ್ ಆಯಿತು, ಸರ್ಟಿಫಿಕೇಟ್ ಡೌನ್‌ಲೋಡ್ ಆಯಿತು, ಫೈಲಿಗೆ ಹಾಕಿದೆವು, ಮುಗಿಯಿತು. ಅದೇ ಲೆಕ್ಕವನ್ನು ಸ್ಟಾಫ್ ಮೀಟಿಂಗಿನಲ್ಲಿ ತೆರೆದು, ನೋಡಿ ನಮ್ಮ ಮೊದಲ ಸೆಮಿಸ್ಟರಿನ ಮಕ್ಕಳಿಗೆ ಹೀಗಾಗಿದೆ ಅಂತ ಮಾತಾಡಿದ ಕಾಲೇಜುಗಳು ತೀರಾ ಕಡಿಮೆ. ನನಗೆ ನಿಜಕ್ಕೂ ಬೇಸರ ತರುವ ವಿಷಯ ಇದು. ಇಷ್ಟು ಕಷ್ಟಪಟ್ಟು ಕೂಡಿಸಿದ ಮಾಹಿತಿಯ ಮೇಲೆ ಮೊದಲ ಹಕ್ಕು ಯಾರಿಗಿತ್ತೋ ಅವರೇ ಅದನ್ನು ನೋಡುವುದಿಲ್ಲ.

ಕಾಗದದ ಮೇಲೆ ನಮ್ಮಲ್ಲಿ ಏರ್ಪಾಟು ಇಲ್ಲದೆ ಇಲ್ಲ. ಐಕ್ಯೂಎಸಿ ಇದೆ. ಪ್ರಾಂಶುಪಾಲರು ಅಧ್ಯಕ್ಷರು, ಹಿರಿಯ ಅಧ್ಯಾಪಕರು ಸದಸ್ಯರು, ಕಚೇರಿಯವರು, ಆಡಳಿತ ಮಂಡಳಿಯವರು, ಊರಿನ ಒಬ್ಬ ಗಣ್ಯರು, ಹಳೆಯ ವಿದ್ಯಾರ್ಥಿ, ಈಗಿನ ವಿದ್ಯಾರ್ಥಿ, ಒಬ್ಬ ಸಂಯೋಜಕರು. ಕೆಲಸ ಮಾತ್ರ ಬರುವುದು ಆ ಕೊನೆಯವರ ತಲೆಗೆ. ಅವರಿಗೆ ವಾರಕ್ಕೆ 16 ಗಂಟೆ ಪಾಠ ಹಾಗೇ ಇರುತ್ತದೆ. ನ್ಯಾಕ್‌ನ ಏಳು ಮಾನದಂಡಗಳನ್ನು ಏಳು ಜನ ಅಧ್ಯಾಪಕರಿಗೆ ಹಂಚುತ್ತೇವೆ, ಅವರನ್ನು ಕ್ರೈಟೀರಿಯನ್ ಇನ್‌ಚಾರ್ಜ್ ಅನ್ನುತ್ತೇವೆ. ವರ್ಷವಿಡೀ ಸದ್ದಿಲ್ಲ. ನ್ಯಾಕ್‌ಗೆ ಕಳುಹಿಸುವ ವಾರ್ಷಿಕ ವರದಿ ಎಕ್ಯೂಎಆರ್‌ನ ಕಟ್ಟಕಡೆಯ ದಿನಾಂಕ ಹತ್ತಿರ ಬಂದಾಗ ಒಂದು ವಾಟ್ಸ್‌ಆ್ಯಪ್ ಗುಂಪು, ಜಿಯೋಟ್ಯಾಗ್ ಇರುವ ಫೋಟೊ ಯಾರ ಹತ್ತಿರ ಇದೆ ಅನ್ನುವ ಹುಡುಕಾಟ, ಯಾರದೋ ಸ್ವಂತ ಜಿಮೇಲಿನ ಡ್ರೈವಿನಲ್ಲಿ ಫೋಲ್ಡರು. ಇಲ್ಲಿ ಕೂತಿರುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸ್ವಲ್ಪ ಹೊರಗೆ ಹೋಗಿ ಬರೋಣ. ಅಮೆರಿಕದಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಕಚೇರಿಗಳೇ ಇವೆ. ಇನ್‌ಸ್ಟಿಟ್ಯೂಷನಲ್ ರಿಸರ್ಚ್ ಅನ್ನುತ್ತಾರೆ. ಸಂಸ್ಥೆ ತನ್ನನ್ನು ತಾನೇ ಅಧ್ಯಯನ ಮಾಡಿಕೊಳ್ಳುವುದು ಅಂತ ಇಟ್ಟುಕೊಳ್ಳಿ. 1960ರ ದಶಕದಲ್ಲೇ ಈ ಕೆಲಸದವರ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. 1986ರಿಂದ ಐಪೆಡ್ಸ್ ಎಂಬ ಕೇಂದ್ರ ಸರ್ಕಾರದ ಮಾಹಿತಿ ಸಂಗ್ರಹ ಬಂತು. ವಿದ್ಯಾರ್ಥಿಗಳಿಗೆ ಸರ್ಕಾರದ ನೆರವಿನ ಹಣ ಬರಬೇಕಾದರೆ ಕಾಲೇಜು ಅದನ್ನು ತುಂಬಲೇಬೇಕು, ತುಂಬದಿದ್ದರೆ ದಂಡ. ಪ್ರತಿ ಕಾಲೇಜಿನಲ್ಲೂ ಅದಕ್ಕೆ ಜವಾಬ್ದಾರರಾಗಿ ಒಬ್ಬರ ಹೆಸರು ನಮೂದಾಗಿರುತ್ತದೆ. ಅವರನ್ನು ಕೀ ಹೋಲ್ಡರ್ ಅನ್ನುತ್ತಾರೆ. ನಮ್ಮ ಐಶೆ ನೋಡಲ್ ಅಧಿಕಾರಿಯ ಹಾಗೇ. ಅಂದರೆ ಅಲ್ಲೂ ಈ ಕಚೇರಿಗಳು ಬೆಳೆದದ್ದರಲ್ಲಿ ಮೇಲಿನವರ ಒತ್ತಾಯದ ಪಾಲು ದೊಡ್ಡದು. ಅಲ್ಲಿಯವರು ಸ್ವಭಾವದಿಂದಲೇ ಲೆಕ್ಕಪ್ರಿಯರು, ನಾವಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆ ಕಚೇರಿಗಳು ಹೇಗಿವೆ ಅಂತ ಅಲ್ಲಿಯವರೇ ಸಮೀಕ್ಷೆ ಮಾಡಿದ್ದಾರೆ. ಫ್ರೆಡ್ರಿಕ್ಸ್ ವೋಕ್‌ವೈನ್ ಎಂಬವರು 1990ರಲ್ಲಿ ಈಶಾನ್ಯ ಅಮೆರಿಕದ ಕಾಲೇಜುಗಳನ್ನು ನೋಡಿ ನಾಲ್ಕು ಬಗೆ ಗುರುತಿಸಿದರು. ಒಬ್ಬಿಬ್ಬರೇ ಇದ್ದು ಎಲ್ಲವನ್ನೂ ಕೈಯಾರೆ ಮಾಡುವ ಸಣ್ಣ ಕಾಲೇಜುಗಳದ್ದು ಒಂದು ಬಗೆ. ಇಬ್ಬರು ಮೂವರಿದ್ದು, ಇವತ್ತು ಏನು ಬಂತೋ ಅದನ್ನು ಮಾಡುವುದು ಇನ್ನೊಂದು. ನಾಲ್ಕಾರು ಜನ ತಜ್ಞರು, ಅವರ ಮೇಲೊಬ್ಬ ನಿರ್ದೇಶಕರು ಇರುವ ಸರಿಯಾದ ಕಚೇರಿ ಮೂರನೆಯದು. ದೊಡ್ಡ ವಿಶ್ವವಿದ್ಯಾಲಯಗಳದ್ದು ನಾಲ್ಕನೆಯ ಬಗೆ. ಅಲ್ಲಿ ಹಣಕಾಸಿನವರದ್ದೇ ಒಂದು ದತ್ತಾಂಶ ತಂಡ, ಪ್ರವೇಶದವರದ್ದೇ ಒಂದು, ಪ್ರತಿ ನಿಕಾಯಕ್ಕೂ ಒಂದು. ತಂಡ ಜಾಸ್ತಿ ಆದ ಮಾತ್ರಕ್ಕೆ ಅವರ ಲೆಕ್ಕಗಳು ಒಂದಕ್ಕೊಂದು ಹೊಂದುತ್ತವೆ ಅಂತೇನಿಲ್ಲ. ಇದು ಹಳೆಯ ಅಧ್ಯಯನ, ನಿಜ. ಆದರೆ ಆ ಮೊದಲ ಬಗೆಯನ್ನು ಓದುವಾಗ ನನಗೆ ನಮ್ಮ ತಾಲ್ಲೂಕು ಕಾಲೇಜುಗಳೇ ಕಣ್ಣ ಮುಂದೆ ಬಂದವು.

ನಮ್ಮ ಕರ್ನಾಟಕದಲ್ಲಿ ನಾನು ನೋಡಿದ ಮಟ್ಟಿಗೆ ಹೇಳುತ್ತೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಒಬ್ಬ ಅಧ್ಯಾಪಕರ ಮೇಲೆ ಎಲ್ಲ ನಿಂತಿರುತ್ತದೆ. ಅವರು ಆಸ್ಥೆಯಿಂದ ಕಲಿತು, ಫೈಲುಗಳನ್ನು ಸರಿ ಮಾಡಿಟ್ಟು, ಒಂದು ಹದಕ್ಕೆ ತಂದಿರುತ್ತಾರೆ. ವರ್ಗಾವಣೆ ಕೌನ್ಸೆಲಿಂಗ್ ಬರುತ್ತದೆ, ಹೋಗುತ್ತಾರೆ. ಹೊಸಬರಿಗೆ ಪಾಸ್‌ವರ್ಡ್ ಸಿಗುವುದೇ ದೊಡ್ಡ ಸಂಗತಿ. ಯಾವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದು ಸಿಗುವುದಿಲ್ಲ. ಹಳೆಯ ಅನುದಾನಿತ ಕಾಲೇಜುಗಳ ಕಥೆ ಬೇರೆ. ಅಲ್ಲಿ ಬಹಳ ವರ್ಷದಿಂದ ಇರುವ ಒಬ್ಬ ಸೂಪರಿಂಟೆಂಡೆಂಟ್ ಇರುತ್ತಾರೆ, ಅವರ ನೆನಪೇ ಕಾಲೇಜಿನ ದತ್ತಾಂಶ. ಯಾವ ಬ್ಯಾಚಿನ ಮಾರ್ಕ್ಸ್ ಕಾರ್ಡಿನ ಲೆಡ್ಜರ್ ಯಾವ ಬೀರುವಿನಲ್ಲಿದೆ ಅಂತ ಕೂತಲ್ಲೇ ಹೇಳುತ್ತಾರೆ. ಅವರು ನಿವೃತ್ತರಾದರೆ, ನೇಮಕಾತಿ ಇಲ್ಲದೆ ಆ ಕುರ್ಚಿ ಖಾಲಿ. ಸ್ವಾಯತ್ತ ಕಾಲೇಜುಗಳಲ್ಲಿ ಪರಿಸ್ಥಿತಿ ಸಾಮಾನ್ಯವಾಗಿ ಉತ್ತಮ. ಪರೀಕ್ಷೆ ತಾವೇ ನಡೆಸಬೇಕಾದ್ದರಿಂದ ಪರೀಕ್ಷಾ ನಿಯಂತ್ರಕರ ಕಚೇರಿ ಅಂತ ಒಂದು ಇರುತ್ತದೆ, ಪ್ರತಿ ಮಗುವಿನ ದಾಖಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಸಿಗುತ್ತದೆ. ದೊಡ್ಡ ಖಾಸಗಿ ಸಂಸ್ಥೆಗಳಲ್ಲಿ ಸಂಬಳ ಕೊಟ್ಟು ಇಟ್ಟ ತಂಡವೇ ಇದೆ. ಆದರೆ ಆ ತಂಡ ಬಹಳ ಕಡೆ ಕೂರುವುದು ರ‍್ಯಾಂಕಿಂಗ್ ಮತ್ತು ಪ್ರಚಾರದ ವಿಭಾಗದ ಪಕ್ಕದಲ್ಲಿ. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು.

ಕೊಲಂಬಿಯಾ ವಿಶ್ವವಿದ್ಯಾಲಯ ನಿಮಗೆಲ್ಲ ಗೊತ್ತು, ಅಂಬೇಡ್ಕರ್ ಓದಿದ ವಿಶ್ವವಿದ್ಯಾಲಯ. ಅಮೆರಿಕದ ಒಂದು ಪ್ರಸಿದ್ಧ ರ‍್ಯಾಂಕಿಂಗಿನಲ್ಲಿ ಅದು ಎರಡನೇ ಸ್ಥಾನಕ್ಕೆ ಏರಿತ್ತು. 2022ರ ಆರಂಭದಲ್ಲಿ ಅಲ್ಲಿನದೇ ಗಣಿತದ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್, ನಮ್ಮ ವಿಶ್ವವಿದ್ಯಾಲಯ ಕೊಟ್ಟ ಸಂಖ್ಯೆಗಳು ನಿಜ ಅನ್ನಿಸುತ್ತಿಲ್ಲ ಅಂತ ಬರೆದರು. 20ಕ್ಕಿಂತ ಕಡಿಮೆ ಮಕ್ಕಳಿರುವ ತರಗತಿಗಳು 80 ಪರ್ಸೆಂಟಿಗೂ ಜಾಸ್ತಿ ಅಂತ ವಿಶ್ವವಿದ್ಯಾಲಯ ಹೇಳಿಕೊಂಡಿತ್ತು. ಅವರು ಕೋರ್ಸುಗಳ ಬಹಿರಂಗ ಪಟ್ಟಿ ಇಟ್ಟುಕೊಂಡು ತಾವೇ ಎಣಿಸಿದರು, ಅದು 60ರಿಂದ 70ರ ನಡುವೆ ಎಲ್ಲೋ ಇತ್ತು. ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ತನ್ನ ಲೆಕ್ಕದಲ್ಲಿ ತಪ್ಪಿತ್ತು ಅಂತ ಒಪ್ಪಿಕೊಂಡಿತು. ಸ್ಥಾನ ಎರಡರಿಂದ 18ಕ್ಕೆ ಇಳಿಯಿತು. ಅಷ್ಟು ದೊಡ್ಡ ಸಂಸ್ಥೆ, ಅಷ್ಟು ಹಣ, ಅಷ್ಟು ತಜ್ಞರು. ಆದರೂ ಒಳಗಿನ ಒಬ್ಬ ಮೇಷ್ಟ್ರು ತಾನೇ ಕೂತು ಎಣಿಸಬೇಕಾಯಿತು. ಅಲ್ಲಿನ ಬಹಳಷ್ಟು ಸಂಸ್ಥೆಗಳು ತಮ್ಮ ಮೂಲ ಅಂಕಿಗಳನ್ನು ಒಂದು ಸಾಮಾನ್ಯ ನಮೂನೆಯಲ್ಲಿ ಪ್ರಕಟಿಸುತ್ತಿದ್ದವು. ಕೊಲಂಬಿಯಾ ಪ್ರಕಟಿಸುತ್ತಿರಲಿಲ್ಲ. ಈ ಗಲಾಟೆ ಆದ ಮೇಲೆ ಶುರು ಮಾಡಿತು.

ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಪ್ರಕರಣ ಇನ್ನೂ ಗಂಭೀರ. ಅದರ ಬಿಸಿನೆಸ್ ಸ್ಕೂಲಿನ ಆನ್‌ಲೈನ್ ಎಂಬಿಎ ಸತತವಾಗಿ ದೇಶಕ್ಕೇ ಮೊದಲ ಸ್ಥಾನ ಪಡೆಯುತ್ತಿತ್ತು. ಪ್ರವೇಶ ಪರೀಕ್ಷೆಯ ಅಂಕ ಕೊಟ್ಟು ಸೇರಿದವರು ಎಷ್ಟು ಅನ್ನುವಂಥ ಸಂಖ್ಯೆಗಳನ್ನು ವರ್ಷಗಟ್ಟಲೆ ಸುಳ್ಳು ಕೊಟ್ಟಿದ್ದರು ಅಂತ 2018ರಲ್ಲಿ ಬಯಲಾಯಿತು. ಡೀನ್ ಆಗಿದ್ದ ಮೋಶೆ ಪೊರಾಟ್ ವಂಚನೆಯ ಅಪರಾಧಿ ಅಂತ 2021ರ ನವೆಂಬರಿನಲ್ಲಿ ತೀರ್ಮಾನವಾಯಿತು, ಮುಂದಿನ ಮಾರ್ಚಿನಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯಿತು. ಸಂಖ್ಯೆಗಳನ್ನು ಪರಿಶೀಲಿಸುತ್ತಿದ್ದ ಸಮಿತಿಯನ್ನೇ ತೆಗೆದು ಹಾಕಿದ್ದರು ಅನ್ನುವುದು ಆ ಪ್ರಕರಣದ ಆರೋಪಗಳಲ್ಲಿ ಒಂದು. ಎಣಿಸುವವರನ್ನೂ ಹೊಗಳಿಸಿಕೊಳ್ಳುವವರನ್ನೂ ಒಂದೇ ಕೈಕೆಳಗೆ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ನಮ್ಮ ಸಮೀಕ್ಷೆಯಲ್ಲಿ ಈ ಪ್ರಶ್ನೆ ಇರಲೇಬೇಕು: ನಿಮ್ಮ ಕಾಲೇಜಿನಲ್ಲಿ ಲೆಕ್ಕ ತೆಗೆಯುವವರು ಯಾರಿಗೆ ವರದಿ ಮಾಡುತ್ತಾರೆ? ಬ್ರೋಷರ್ ಮಾಡಿಸುವವರಿಗಾ?

ಒಳ್ಳೆಯ ಉದಾಹರಣೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಅಟ್ಲಾಂಟಾ ನಗರದಲ್ಲಿ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ ಅಂತ ಒಂದು ಸಾರ್ವಜನಿಕ ವಿಶ್ವವಿದ್ಯಾಲಯ. ಬಡ ಮನೆಯ ಮಕ್ಕಳು, ಕಪ್ಪು ಜನಾಂಗದ ಮಕ್ಕಳು, ಮನೆಯಲ್ಲಿ ಮೊದಲ ಬಾರಿ ಕಾಲೇಜು ಹತ್ತಿದವರು ಅಲ್ಲಿ ಜಾಸ್ತಿ. 2003ರ ಹೊತ್ತಿಗೆ ಸೇರಿದವರಲ್ಲಿ 32 ಪರ್ಸೆಂಟ್ ಮಾತ್ರ ಪದವಿ ಮುಗಿಸುತ್ತಿದ್ದರು. 2014ರ ಹೊತ್ತಿಗೆ ಅದು 54 ಪರ್ಸೆಂಟಿಗೆ ಏರಿತು. ಚೆನ್ನಾಗಿ ಓದುವ ಮಕ್ಕಳನ್ನೇ ಆರಿಸಿ ತೆಗೆದುಕೊಂಡು ಮಾಡಿದ್ದಲ್ಲ ಅದು. ತಮ್ಮದೇ ಹಳೆಯ ದಾಖಲೆಗಳನ್ನು ಕೂತು ಓದಿದರು. ಯಾರು ಯಾವ ಹಂತದಲ್ಲಿ ಕೈಬಿಟ್ಟರು ಅಂತ ನೋಡಿದರು. ನರ್ಸಿಂಗ್ ಓದುವವರಲ್ಲಿ ಯಾರು ಮುಂದೆ ಸಾಗುತ್ತಾರೆ ಅನ್ನುವುದನ್ನು ನರ್ಸಿಂಗಿನ ಮೊದಲ ಕೋರ್ಸಿಗಿಂತ ಗಣಿತದ ಅಂಕವೇ ಜಾಸ್ತಿ ಹೇಳುತ್ತಿತ್ತು. ಅಂದಮೇಲೆ ಗಣಿತದಲ್ಲಿ ಹಿಂದೆ ಬಿದ್ದ ಕೂಡಲೇ ಆ ಮಗುವನ್ನು ಕರೆದು ಮಾತಾಡಬೇಕು, ಅಲ್ವಾ? 2012ರಿಂದ ಇಂಥ 800ಕ್ಕೂ ಹೆಚ್ಚು ಸೂಚನೆಗಳನ್ನು ದಿನಾ ಗಮನಿಸಿ, ಸಲಹೆಗಾರರು ವಿದ್ಯಾರ್ಥಿಗಳನ್ನು ತಾವಾಗಿ ಹುಡುಕಿಕೊಂಡು ಹೋಗುವ ಪದ್ಧತಿ ತಂದರು.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಸಣ್ಣ ಸಂಗತಿ. ಪ್ರತಿ ಸೆಮಿಸ್ಟರಿನಲ್ಲೂ ಶುಲ್ಕ ಬಾಕಿ ಅಂತ ಎಷ್ಟೋ ಮಕ್ಕಳ ಹೆಸರು ತೆಗೆದುಹಾಕುತ್ತಿದ್ದರು. ಯಾರೋ ಆ ಪಟ್ಟಿಯನ್ನು ನೋಡಿದರು. ಬಾಕಿ ಬಹಳ ಕಡೆ ಕೆಲವು ನೂರು ಡಾಲರು, ಅಷ್ಟೇ. ಪದವಿ ಮುಗಿಸಲು ಒಂದೋ ಎರಡೋ ಸೆಮಿಸ್ಟರ್ ಉಳಿದಿದ್ದವರೂ ಅದರಲ್ಲಿದ್ದರು. 2011ರಿಂದ ಅಂಥವರ ಖಾತೆಗೆ ವಿಶ್ವವಿದ್ಯಾಲಯವೇ ಆ ಬಾಕಿ ಹಾಕತೊಡಗಿತು. ಅರ್ಜಿ ಬೇಡ, ವಿದ್ಯಾರ್ಥಿ ಬಂದು ಕೈಮುಗಿದು ನಿಲ್ಲುವುದು ಬೇಡ. ಪಟ್ಟಿ ಮೊದಲಿನಿಂದಲೂ ಅಕೌಂಟ್ಸ್ ವಿಭಾಗದಲ್ಲಿ ಇತ್ತು. ಶುಲ್ಕ ನೋಡುವವರ ಪಟ್ಟಿಯನ್ನೂ ಓದಿನ ದಾಖಲೆಯನ್ನೂ ಒಬ್ಬರು ಒಟ್ಟಿಗೆ ಇಟ್ಟು ನೋಡಿದ್ದು ಮಾತ್ರ ಹೊಸದು.

ನಮ್ಮಲ್ಲೂ ಇದು ಆಗುತ್ತದೆ. ನಾನು ಹೋಗಿದ್ದ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಸಂಯೋಜಕಿ ಮೇಡಂ ಒಬ್ಬರು ಹಾಜರಾತಿ ಕಡಿಮೆ ಇದ್ದ ಮಕ್ಕಳ ಪಟ್ಟಿಯ ಪಕ್ಕದಲ್ಲಿ ಅವರ ಊರಿನ ಹೆಸರು ಬರೆದುಕೊಂಡಿದ್ದರು. ಬೇರೇನೂ ಇಲ್ಲ, ಒಂದು ಕಾಲಂ ಜಾಸ್ತಿ. ನೋಡಿದರೆ ಆ ಪಟ್ಟಿಯ ಬಹಳ ಮಕ್ಕಳು ಒಂದೇ ದಾರಿಯ ಹಳ್ಳಿಗಳವರು, ತಪ್ಪಿಸಿಕೊಂಡದ್ದೆಲ್ಲ ಬೆಳಗಿನ ಮೊದಲ ಪೀರಿಯಡ್. ಆ ದಾರಿಯ ಬಸ್ಸು ಕಾಲೇಜು ಶುರುವಾದ ಮೇಲೆ ಬರುತ್ತಿತ್ತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತ್ತು, ಆದರೆ ಬಸ್ಸಿನ ಹೊತ್ತು ಬದಲಾಗಿರಲಿಲ್ಲವಲ್ಲ. ಅವರು ಪಟ್ಟಿ ಹಿಡಿದು ಡಿಪೋ ಮ್ಯಾನೇಜರ್ ಹತ್ತಿರ ಹೋದರು, ಇತ್ತ ಟೈಮ್‌ಟೇಬಲ್ ಸಮಿತಿಯ ಹತ್ತಿರವೂ ಹೋದರು. ಆ ಮಕ್ಕಳನ್ನು ಸೋಮಾರಿಗಳು ಅಂತ ಬೈಯುವುದು ಸ್ಟಾಫ್ ರೂಮಿನಲ್ಲಿ ನಿಂತಿತು. ನಾನು ಹೇಳುವ ದತ್ತಾಂಶ ಕಚೇರಿ ಅಂದರೆ ಇದೇ. ಒಂದು ಕೋಣೆ, ಒಂದು ಬೋರ್ಡು ಇರಲೇಬೇಕು ಅಂತಿಲ್ಲ.

ಇನ್ನು ಸಮೀಕ್ಷೆಯಲ್ಲಿ ಏನು ಕೇಳಬೇಕು? ಸುಮ್ನೆ "ನಿಮ್ಮಲ್ಲಿ ಐಕ್ಯೂಎಸಿ ಇದೆಯೇ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ನಮಗೇನೂ ತಿಳಿಯುವುದಿಲ್ಲ. ಹೋದ ವರ್ಷ ಐಶೆ ತುಂಬಿದವರು ಯಾರು, ಅವರಿಗೆ ಪಾಠದ ಹೊರೆಯಲ್ಲಿ ಎಷ್ಟು ಗಂಟೆ ಬಿಟ್ಟುಕೊಟ್ಟಿರಿ ಅಂತ ಕೇಳಬೇಕು. ಅವರು ನಾಳೆ ವರ್ಗವಾದರೆ ಆ ಕೆಲಸ ಯಾರಿಗೆ ಗೊತ್ತು? ಫೈಲುಗಳು ಕಾಲೇಜಿನ ಇಮೇಲಿನಲ್ಲಿವೆಯೋ ಒಬ್ಬರ ಸ್ವಂತ ಖಾತೆಯಲ್ಲಿವೆಯೋ? ವಿದ್ಯಾರ್ಥಿಗಳನ್ನು ಯಾವ ದಿನ ಎಣಿಸಿದಿರಿ, "ಬಿಟ್ಟು ಹೋದವರು" ಅಂದರೆ ಯಾರು ಅಂತ ಎಲ್ಲಾದರೂ ಬರೆದಿಟ್ಟಿದ್ದೀರಾ? ಈ ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ರಾಜ್ಯದಲ್ಲಿ 2021-22ರಲ್ಲಿ ಸೇರಿದವರು ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಓದಿದರು, ಅವರಿಗೆ ನಾಲ್ಕನೇ ವರ್ಷದ ಆನರ್ಸ್ ದಾರಿಯೂ ಇತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಮೂರು ವರ್ಷಕ್ಕೆ ಹೊರಬಂದ ಹುಡುಗಿ ಪದವಿ ಮುಗಿಸಿದವಳೋ, ಆನರ್ಸ್ ಬಿಟ್ಟವಳೋ? ವಿವರಣೆ ಬರೆದಿಡದೆ ಈ ಎರಡು ಬ್ಯಾಚುಗಳನ್ನು ಹೋಲಿಸಿದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು: ಹೋದ ವರ್ಷ ಕಾಲೇಜಿನ ಒಳಗಿನವರು ಯಾರಾದರೂ ಈ ಲೆಕ್ಕ ಕೇಳಿದರಾ? ಕೇಳಿ ಏನಾದರೂ ಬದಲಿಸಿದರಾ? ಒಂದೇ ಒಂದು ಉದಾಹರಣೆ ಸಾಕು. ಉದಾಹರಣೆ ಇಲ್ಲ ಅನ್ನುವ ಉತ್ತರವೂ ಬೇಕು. ಅದನ್ನು ಯಾರೂ ಮುಚ್ಚಿಡಬೇಕಾಗಿಲ್ಲ.

ಉತ್ತರ ಕೊಡುವವರು ಯಾರು ಅನ್ನುವುದರಲ್ಲೂ ಎಚ್ಚರ ಬೇಕು. ಪ್ರಾಂಶುಪಾಲರಿಗೆ ಮಾತ್ರ ಕಳುಹಿಸಿದರೆ ಇರಬೇಕಾದ ಏರ್ಪಾಟು ನಮಗೆ ಸಿಗುತ್ತದೆ, ಇರುವ ಏರ್ಪಾಟು ಸಿಗುವುದಿಲ್ಲ. ಸಂಯೋಜಕರಿಗೆ ಒಂದು, ಕಚೇರಿಯ ಕೇಸ್ ವರ್ಕರ್‌ಗೆ ಒಂದು, ಬೇರೆ ಬೇರೆಯಾಗಿ ಕೊಡಬೇಕು. ಪ್ರಶ್ನೆ ಕನ್ನಡದಲ್ಲಿರಬೇಕು. ಕಾಲೇಜಿನ ಹೆಸರು ಹೊರಗೆ ಬರಬಾರದು, ಇಲ್ಲದಿದ್ದರೆ ಯಾರೂ ನಿಜ ಬರೆಯುವುದಿಲ್ಲ.

ಕರ್ನಾಟಕದಲ್ಲಿ ಈ ಸಮೀಕ್ಷೆ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. 2021-22ರ ಐಶೆ ಪ್ರಕಾರ 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ನಮ್ಮಲ್ಲಿ 66 ಕಾಲೇಜು. ದೇಶದ ಸರಾಸರಿ 30. ದೇಶದಲ್ಲಿ ಅತಿ ಹೆಚ್ಚು ಕಾಲೇಜು ಇರುವ ಜಿಲ್ಲೆ ಬೆಂಗಳೂರು ನಗರ, ಸಾವಿರಕ್ಕೂ ಜಾಸ್ತಿ. ಇಷ್ಟೊಂದು ಕಾಲೇಜು ಇರುವ ಕಡೆ ಎಲ್ಲದಕ್ಕೂ ದೊಡ್ಡ ಕಚೇರಿ ಕಟ್ಟಲಾಗುವುದಿಲ್ಲ. ಒಬ್ಬರೇ ಮಾಡುವ ಕೆಲಸವನ್ನು ಹೇಗೆ ಚೆನ್ನಾಗಿ ಮಾಡಬಹುದು ಅನ್ನುವುದೇ ನಮ್ಮ ಪ್ರಶ್ನೆ. ತಾಲ್ಲೂಕಿನ ನಾಲ್ಕು ಕಾಲೇಜು ಸೇರಿ ಒಬ್ಬ ತರಬೇತಾದ ಸಹಾಯಕರನ್ನು ಹಂಚಿಕೊಳ್ಳಬಹುದಾ? ಜಿಲ್ಲೆಯ ಲೀಡ್ ಕಾಲೇಜಿನ ಸಂಖ್ಯಾಶಾಸ್ತ್ರ ವಿಭಾಗ ಉಳಿದವರಿಗೆ ನೆರವಾಗಬಹುದಾ? ಸಂಖ್ಯಾಶಾಸ್ತ್ರದ ಮಕ್ಕಳು ಪ್ರಾಜೆಕ್ಟ್ ಅಂತ ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಅಂಕಿಗಳ ಬದಲು, ಹೆಸರು ತೆಗೆದ ಕಾಲೇಜಿನ ಅಂಕಿಗಳನ್ನೇ ನೋಡಬಹುದಲ್ವಾ?

ನ್ಯಾಕ್ ಗ್ರೇಡುಗಳನ್ನು ಬಿಟ್ಟು, ಮಾನ್ಯತೆ ಇದೆ ಅಥವಾ ಇಲ್ಲ ಅನ್ನುವ ಪದ್ಧತಿಗೆ ಹೋಗುವುದಾಗಿ 2024ರಲ್ಲಿ ಪ್ರಕಟಿಸಿತು. ಒಂದೇ ಸಲ ಕೊಟ್ಟ ಮಾಹಿತಿಯನ್ನು ಎಲ್ಲರೂ ಬಳಸಿಕೊಳ್ಳುವ ಒಂದೇ ಪೋರ್ಟಲ್ ಬರುತ್ತದೆ ಅನ್ನುವ ಮಾತೂ ಇದೆ. ಬರಲಿ, ನಾನು ಸ್ವಾಗತಿಸುತ್ತೇನೆ. ಆದರೆ ಒಂದೇ ಪೋರ್ಟಲ್ ಆದರೆ ಅದರೊಳಗೆ ಹೋಗುವ ಮೊದಲ ಸಂಖ್ಯೆ ಸರಿ ಇರಲೇಬೇಕು. ತಪ್ಪಾದರೆ ಎಲ್ಲ ಕಡೆಯೂ ಅದೇ ತಪ್ಪು ಕಾಣುತ್ತದೆ.

ಮಾತು ಮುಗಿಸಿದ ಮೇಲೆ ಬಂದ ಪ್ರಶ್ನೆಗಳು.

ಮಂಡ್ಯ ಕಡೆಯಿಂದ ಬಂದಿದ್ದ ಅಧ್ಯಾಪಕರೊಬ್ಬರು, "ಸರ್, ಸಂಖ್ಯೆ ಸ್ವಲ್ಪ ಜಾಸ್ತಿ ಮಾಡಿ ಅಂತ ಮೇಲಿನವರೇ ಹೇಳಿದರೆ ಏನು ಮಾಡೋದು?" ಅಂತ ಕೇಳಿದರು. ಎಲ್ಲರೂ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಅದು. ನಾನು ಹೇಳಿದ್ದು ಇಷ್ಟು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಬಂದ ರಿಜಿಸ್ಟರಿನ ಹೆಸರು, ಪುಟ, ದಿನಾಂಕ ಬರೆಯುವ ಅಭ್ಯಾಸ ಮಾಡಿ. ನ್ಯಾಕ್‌ನ ಡಿವಿವಿ, ಅಂದರೆ ಕೊಟ್ಟ ಮಾಹಿತಿಯನ್ನು ಪರಿಶೀಲಿಸುವ ಹಂತದಲ್ಲಿ ದಾಖಲೆ ಕೇಳಿಯೇ ಕೇಳುತ್ತಾರೆ, ಕೊಟ್ಟ ಮಾಹಿತಿ ಸರಿ ಅಂತ ಸಂಸ್ಥೆಯ ಮುಖ್ಯಸ್ಥರೇ ಸಹಿ ಹಾಕಿರುತ್ತಾರೆ. ಇದನ್ನು ಅವರಿಗೆ ಮೊದಲೇ ತೋರಿಸಿದರೆ ಮಾತು ಅಲ್ಲಿಗೇ ಬದಲಾಗುವ ಸಾಧ್ಯತೆ ಇದೆ. ಒಬ್ಬರೇ ಎದುರು ನಿಲ್ಲುವುದು ಕಷ್ಟ, ಅದು ನನಗೆ ಗೊತ್ತಿದೆ. ಅದಕ್ಕೇ ಪರಿಶೀಲನೆಗೆ ಇನ್ನಿಬ್ಬರ ಸಹಿ ಇರುವ ಪದ್ಧತಿ ಬೇಕು ಅನ್ನುವುದು.

ಮೇಡಂ ಒಬ್ಬರು ಜಾತಿ, ಆದಾಯ, ಆಧಾರ್ ಮಾಹಿತಿಯ ಬಗ್ಗೆ ಕೇಳಿದರು. ಇದು ತುಂಬಾ ಗಂಭೀರ. ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್ ಇರುವ ಎಕ್ಸೆಲ್ ಹಾಳೆಯನ್ನು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ "ನಿಮ್ಮ ಹೆಸರು ಸರಿ ಇದೆಯಾ ನೋಡಿಕೊಳ್ಳಿ" ಅನ್ನುವುದು ಇವತ್ತಿಗೂ ನಡೆಯುತ್ತಿದೆ. ದಯವಿಟ್ಟು ಇವತ್ತೇ ನಿಲ್ಲಿಸಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾನೂನು ಆಗಿದೆ. ಕಾನೂನು ಇರದಿದ್ದರೂ ಒಬ್ಬ ಹುಡುಗಿಯ ಮನೆಯ ಆದಾಯ ಎಷ್ಟು ಅನ್ನುವುದು ಅವಳ ಸಹಪಾಠಿಗಳಿಗೆ ಗೊತ್ತಾಗಬೇಕಾಗಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅತಿಥಿ ಉಪನ್ಯಾಸಕರು ಎದ್ದರು. "ನಮ್ಮ ಕಾಲೇಜಿನಲ್ಲಿ ಈ ಡೇಟಾ ಎಂಟ್ರಿ ಎಲ್ಲ ಮಾಡೋದು ನಾವೇ. ಕಂಪ್ಯೂಟರ್ ಬರುತ್ತೆ ಅಂತ ನಮಗೇ ಕೊಡ್ತಾರೆ. ವರದಿಯಲ್ಲಿ ನಮ್ಮ ಹೆಸರೇ ಇರಲ್ಲ" ಅಂದರು. ಅಕ್ಕಪಕ್ಕದವರು ತಲೆಯಾಡಿಸಿದರು. ಅವರಿಗೆ ಸಮಾಧಾನದ ಮಾತು ಹೇಳಿ ಕೂರಿಸುವುದು ನನಗೆ ಸರಿ ಕಾಣಲಿಲ್ಲ. ಪ್ರಶ್ನಾವಳಿಯ ಕರಡಿಗೆ ಅಲ್ಲೇ ಎರಡು ಸಾಲು ಸೇರಿಸಿದೆವು: ಈ ಕೆಲಸ ಮಾಡಿದವರಲ್ಲಿ ಕಾಯಂ ಅಲ್ಲದವರು ಎಷ್ಟು ಜನ, ಅವರಿಗೆ ಇದಕ್ಕಾಗಿ ಸಂಭಾವನೆಯನ್ನೋ ಅನುಭವ ಪತ್ರವನ್ನೋ ಕೊಟ್ಟಿದ್ದೀರಾ? ಕರಡನ್ನು ಮುಂದಿನ ತಿಂಗಳು ಎಲ್ಲ ಸಂಯೋಜಕರಿಗೂ ಕಳುಹಿಸುತ್ತೇವೆ. ಬಿಟ್ಟುಹೋದ ಪ್ರಶ್ನೆ ಇದ್ದರೆ ಬರೆದು ಸೇರಿಸಿ. ನಿಮ್ಮ ಕಚೇರಿಯ ಕೇಸ್ ವರ್ಕರ್‌ಗೂ ಒಮ್ಮೆ ತೋರಿಸಿ ವಾಪಸ್ ಕಳಿಸಿ.